ಬಯಲಾಟದ ಚಿತ್ರೀಕರಣಕ್ಕೆ ಹ್ಯಾಂಡಿಕ್ಯಾಮ್: ಅಂಗಡಿಯಲ್ಲೇ ಪರೀಕ್ಷಿಸುವುದು ಹೇಗೆ?

ಮನೆಯ ಹರಕೆಯ ಯಕ್ಷಗಾನ ಆಟವನ್ನು ತಾವೇ ಚಿತ್ರೀಕರಿಸಿ, ಮರುದಿನ ಟಿವಿಯಲ್ಲಿ ಹಾಕಿ ನೋಡಿದಾಗ ಬಣ್ಣದ ವೇಷದ ಮುಖವರ್ಣಿಕೆಯೆಲ್ಲ ಬೆಳ್ಳಗೆ ಕಲಸಿಹೋಗಿರುವುದನ್ನು ಕಂಡು ನೊಂದುಕೊಂಡವರನ್ನು ಉಡುಪಿ, ಮಂಗಳೂರಿನ ಸುತ್ತಮುತ್ತ ಬಹಳ ಮಂದಿಯನ್ನು ನೋಡಿದ್ದೇನೆ. ಅವರು ಕೊಂಡ ಕ್ಯಾಮೆರಾಗಳು ಅಗ್ಗದವೇನಲ್ಲ. ಆದರೆ ಡಬ್ಬಿಯ ಮೇಲಿನ ಜೂಮ್ ಸಂಖ್ಯೆ ನೋಡಿ ಕೊಂಡಿದ್ದರೇ ಹೊರತು, ಬೆಳಕಿನ ಹಿಡಿತ ತಮ್ಮ ಕೈಗೆ ಸಿಗುತ್ತದೆಯೇ ಎಂದು ಪರೀಕ್ಷಿಸಿರಲಿಲ್ಲ.

ಮೊದಲು ಡಬ್ಬಿಯನ್ನು ಓದಿ. ಹಿಡಿದ ಚಿತ್ರವನ್ನೇ ಹಿಗ್ಗಿಸುವ ಡಿಜಿಟಲ್ ಜೂಮ್ ಎಷ್ಟಿದ್ದರೂ ಲೆಕ್ಕಕ್ಕೆ ಹಿಡಿಯಬೇಡಿ. ಲೆನ್ಸಿನಿಂದಲೇ ಆಗುವ ಆಪ್ಟಿಕಲ್ ಜೂಮನ್ನಷ್ಟೇ ನೋಡಿ. ಬೆಳಕನ್ನು ಹಿಡಿಯುವ ಸೆನ್ಸರಿನ ಅಳತೆಯನ್ನು ಕೇಳಿ ತಿಳಿದುಕೊಳ್ಳಿ. ಸೋನಿ ಎಎಕ್ಸ್53 ಮಾದರಿಯಲ್ಲಿ 20 ಪಟ್ಟು ಜೂಮ್ ಇದ್ದರೂ ಸೆನ್ಸರ್ 1/2.5 ಇಂಚಿನ ವರ್ಗದ್ದು. ಎಎಕ್ಸ್700ರಲ್ಲಿ ಜೂಮ್ 12 ಪಟ್ಟು, ಸೆನ್ಸರ್ ಮಾತ್ರ ಒಂದು ಇಂಚಿನ ವರ್ಗದ್ದು, ಅಂದರೆ ಸುಮಾರು 13.2×8.8 ಮಿಲಿಮೀಟರ್ (ಇಂಚು ಎಂಬುದು ವರ್ಗದ ಹೆಸರಷ್ಟೇ, ನಿಜವಾದ ಅಳತೆಯಲ್ಲ). ರಾತ್ರಿಯ ಆಟಕ್ಕೆ ನಾನು ಹೆಚ್ಚು ಬೆಳಕು ಹಿಡಿಯುವ ದೊಡ್ಡ ಸೆನ್ಸರನ್ನೇ ಆರಿಸುತ್ತೇನೆ. ಜೂಮ್ ಸಾಲದಿದ್ದರೆ ಟ್ರೈಪಾಡನ್ನು ರಂಗಸ್ಥಳಕ್ಕೆ ಇನ್ನಷ್ಟು ಹತ್ತಿರ ಇಟ್ಟುಕೊಳ್ಳಬಹುದು.

ಮುಖ್ಯವಾದ ಪರೀಕ್ಷೆಗೆ ಒಂದು ದೊಡ್ಡ ಕಪ್ಪು ಬಟ್ಟೆ, ಒಂದು ಬಿಳಿ ಹಾಳೆ ಮತ್ತು ನಿಮ್ಮದೇ ಮೆಮೊರಿ ಕಾರ್ಡನ್ನು ಅಂಗಡಿಗೆ ಒಯ್ಯಿರಿ. ಬಟ್ಟೆಯನ್ನು ಹಿಂದೆ ಹಿಡಿಸಿ, ಅದರ ಮುಂದೆ ಬಿಳಿ ಅಂಗಿ ತೊಟ್ಟ ಒಬ್ಬರನ್ನು ನಿಲ್ಲಿಸಿ, ಚೌಕಟ್ಟಿನ ಹೆಚ್ಚಿನ ಭಾಗ ಕಪ್ಪಾಗಿಯೇ ಇರುವಂತೆ, ಎಲ್ಲವನ್ನೂ ಕ್ಯಾಮೆರಾಗೇ ಬಿಡುವ ಆಟೋ ವಿಧಾನದಲ್ಲಿ ಚಿತ್ರೀಕರಿಸಿ. ಇಡೀ ಚಿತ್ರದ ಬೆಳಕನ್ನು ಸರಾಸರಿ ಮಾಡಲು ಹೋಗುವ ಕ್ಯಾಮೆರಾ ಕಪ್ಪನ್ನು ಬೆಳಗಿಸಲೆಂದು ಮುಖವನ್ನು ಸುಟ್ಟುಬಿಡುತ್ತದೆ. ಕತ್ತಲ ಗದ್ದೆಯ ನಡುವೆ ಬೆಳಗುವ ರಂಗಸ್ಥಳದಲ್ಲಿ ಆಗುವುದೂ ಇದೇ. ಈಗ ಬೆಳಕಿನ ಮಟ್ಟವನ್ನು, ಅಂದರೆ ಎಕ್ಸ್‌ಪೋಶರನ್ನು ಮ್ಯಾನ್ಯುಯಲ್‌ಗೆ ತಂದು, ಮುಖದ ಮೇಲಿನ ಜೀಬ್ರಾ ಗೆರೆಗಳು (ಬೆಳಕು ಮಿತಿಮೀರಿದೆಡೆ ಪರದೆಯಲ್ಲಿ ಮೂಡುವ ಓರೆ ಗೆರೆಗಳು) ಮಾಯವಾಗುವವರೆಗೆ ಬೆಳಕನ್ನು ಇಳಿಸಿ. ಜೀಬ್ರಾವನ್ನು ಹೊಳಪಿನ ಶೇಕಡಾ 100ಕ್ಕೆ ಇಟ್ಟಿದ್ದರೆ, ಗೆರೆ ಮೂಡಿದ ಜಾಗದಲ್ಲಿ ವಿವರ ಉಳಿಯುವುದಿಲ್ಲ ಎಂದು ತಿಳಿಯಬೇಕು. ಕಿರೀಟದ ಮಿಂಚಿನಲ್ಲಿ ಒಂದಿಷ್ಟು ಗೆರೆ ಉಳಿದರೆ ಅಡ್ಡಿಯಿಲ್ಲ, ಮುಖದಲ್ಲಿ ಉಳಿಯಬಾರದು.

ಆ ಬಳಿಕ ನಿಂತವರನ್ನು ಚೌಕಟ್ಟಿನಿಂದ ಹೊರಗೆ ನಡೆಸಿ. ಹಿಂದಿನ ಬಟ್ಟೆಯ ಕಪ್ಪು ಬದಲಾದರೆ ಆಟೋ ಇನ್ನೂ ಒಳಗೊಳಗೇ ಕೆಲಸ ಮಾಡುತ್ತಿದೆ ಎಂದರ್ಥ. ಷಟರನ್ನು (ಪ್ರತಿ ಚಿತ್ರಕ್ಕೆ ಬೆಳಕು ಬೀಳುವ ಕಾಲ) ಹಿಡಿದಿಟ್ಟರೆ ಐರಿಸ್ (ಲೆನ್ಸಿನೊಳಗಿನ ಬೆಳಕಿನ ಕಂಡಿ) ತಾನಾಗಿ ತಿರುಗುವ, ಐರಿಸನ್ನು ಹಿಡಿದರೆ ಗೇನ್ (ಸೆನ್ಸರಿನ ಸಂಕೇತವನ್ನು ಹಿಗ್ಗಿಸಿ ಚಿತ್ರವನ್ನು ಬೆಳಗಿಸುವುದು) ಏರುವ ಮಾದರಿಗಳನ್ನು ಆಟಕ್ಕಾಗಿ ಕೊಳ್ಳಲೇಬೇಡಿ. ದೊಂದಿಗೆ ರಾಳದ ಪುಡಿ ಎರಚಿ ರಕ್ಕಸನು ಪ್ರವೇಶಿಸುವ ಕ್ಷಣದಲ್ಲಿ ಅವು ಒಮ್ಮೆಲೇ ಕತ್ತಲಾಗಿ, ಮತ್ತೆ ನಿಧಾನವಾಗಿ ಬೆಳಗುತ್ತವೆ. ಪ್ರವೇಶದ ಗತ್ತು ಆ ಕತ್ತಲಲ್ಲೇ ಕಳೆದುಹೋಗುತ್ತದೆ. ಜೂಮ್ ಮಾಡಿದಾಗ ಮಾತ್ರ ಚಿತ್ರ ಮಂಕಾದರೆ ಅದು ಬೇರೆ ವಿಷಯ, ಲೆನ್ಸಿನ ಗುಣ. ಎಎಕ್ಸ್53ರ ಲೆನ್ಸ್ ಎಫ್2.0ದಿಂದ ಎಫ್3.8ಕ್ಕೆ ಇಳಿಯುವುದರಿಂದ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಕಡಿಮೆ), ಪೂರ್ತಿ ಜೂಮ್‌ನಲ್ಲಿ ಒಳಬರುವ ಬೆಳಕು ಮೂರನೇ ಒಂದು ಪಾಲಿಗಿಂತಲೂ ಕಡಿಮೆ.

ಷಟರ್ 1/50 ಸೆಕೆಂಡ್ ಇರಲಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಹಲವು ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. 1/60ರಲ್ಲಿ ಹಿಡಿದರೆ ಆ ಮಿಣುಕು ಚಿತ್ರದಲ್ಲಿ ತೇಲುತ್ತದೆ. ಅಮೆರಿಕದಲ್ಲಿರುವ ಬಂಧುಗಳ ಕೈಯಲ್ಲಿ ತರಿಸಿದ, ಅಲ್ಲಿನ 60 ಹರ್ಟ್ಸ್ ವಿಡಿಯೊ ಪದ್ಧತಿಯ ಎನ್‌ಟಿಎಸ್‌ಸಿ ಕ್ಯಾಮೆರಾ ಆಗಿದ್ದರೆ 1/100ಕ್ಕೆ ಇಡಬಹುದು, ಆದರೆ ಬೆಳಕು ಇನ್ನಷ್ಟು ತಗ್ಗುತ್ತದೆ. ವೈಟ್ ಬ್ಯಾಲೆನ್ಸನ್ನು (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದು) ಬಿಳಿ ಹಾಳೆಗೆ ಹಿಡಿದು ಕೈಯಾರೆ ನಿಗದಿಪಡಿಸಿ.

ಗೇನನ್ನು 0, 6, 12, 18 ಡೆಸಿಬೆಲ್‌ಗಳಲ್ಲಿ ಇಟ್ಟು ಅದೇ ದೃಶ್ಯವನ್ನು ಹಿಡಿಯಿರಿ. ಪ್ರತಿ 6 ಡೆಸಿಬೆಲ್‌ಗೆ ಹೊಳಪು ಒಂದು ಸ್ಟಾಪ್, ಅಂದರೆ ಎರಡು ಪಟ್ಟು ಏರುತ್ತದೆ, ಜೊತೆಗೆ ಚಿತ್ರದಲ್ಲಿ ಕಾಳುಕಾಳಾದ ಗದ್ದಲವೂ ಏರುತ್ತದೆ. ಹೋಲಿಸುವ ಎಲ್ಲ ಕ್ಯಾಮೆರಾಗಳಿಗೂ ದೃಶ್ಯ, ಷಟರ್, ಗೇನ್ ಒಂದೇ ಆಗಿರಬೇಕು. ತೀರ್ಪನ್ನು ಅಂಗಡಿಯ ಪುಟ್ಟ ಪರದೆಯಲ್ಲಿ ಕೊಡಬೇಡಿ, ಅದರಲ್ಲಿ ಎಲ್ಲವೂ ಚೆಂದವೇ. ಕಾರ್ಡನ್ನು ಮನೆಗೆ ತಂದು ಟಿವಿಯಲ್ಲಿ ನೋಡಿ.

ಮೈಕ್ ಜ್ಯಾಕ್ ಮತ್ತು ಕೈಯಾರೆ ಧ್ವನಿಮಟ್ಟ ಹೊಂದಿಸುವ ಸೌಲಭ್ಯ ಇರಲೇಬೇಕು, ಇಲ್ಲದಿದ್ದರೆ ಚೆಂಡೆಯ ಪೆಟ್ಟಿಗೆ ಭಾಗವತರ ಪದ ಮುಳುಗುತ್ತದೆ. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ಚಿತ್ರೀಕರಣ ಗಂಟೆಗೆ ಸುಮಾರು 45 ಜಿಬಿ ತಿನ್ನುತ್ತದೆ. ನಾಲ್ಕು ಗಂಟೆಯ ಆಟಕ್ಕೆ 128 ಜಿಬಿಯ ಒಂದೇ ಕಾರ್ಡು ಸಾಲದು.

ಕೊಂಡ ಮೇಲೆ ಅದನ್ನು ಬಟ್ಟೆಯ ಕಪಾಟಿನಲ್ಲಿ ಇಡಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಲೆನ್ಸಿನ ಒಳಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿಟ್ಟು, ಅದರ ಬಣ್ಣ ಬದಲಾದಾಗಲೆಲ್ಲ ಬಿಸಿಮಾಡಿ ಒಣಗಿಸಿಕೊಳ್ಳಿ.