ಹಳೆಯ ಚಾಕುವಿನ ಹಿಡಿಯಲ್ಲಿ ಕರ್ಪೂರದ ವಾಸನೆ

ಹಳೆಯ ಅಮೆರಿಕನ್ ಜೇಬು ಚಾಕು ಕೈಗೆ ಸಿಕ್ಕರೆ ಬಹಳ ಜನ ಮೊದಲು ಅಲಗು ಬಿಚ್ಚಿ ನೋಡುತ್ತಾರೆ. ನಾನೂ ಶುರುವಿನ ಎರಡು ವರ್ಷ ಹಾಗೇ ಮಾಡಿದೆ. ಈಗ ಮೊದಲು ನೋಡುವುದು ಹಿಡಿಯನ್ನು. ಹೆಬ್ಬೆರಳಿನಿಂದ ಹಿಡಿಯನ್ನು ಬಿಸಿಯಾಗುವಷ್ಟು ಉಜ್ಜುತ್ತೇನೆ, ಆಮೇಲೆ ಮೂಗಿನ ಹತ್ತಿರ ತರುತ್ತೇನೆ. ದೇವರ ಕೋಣೆಯ ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್ ಅನ್ನುವ ಹಳೆಯ ಕಾಲದ ಪ್ಲಾಸ್ಟಿಕ್ಕು. ಆ ವಾಸನೆ ಗುರುತಿಸುವುದನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ?

ನಾನು ಸಕಲೇಶಪುರದ ಕಡೆಯವನು. ಕೆಲಸಕ್ಕೆಂದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗಿಗೆ ಬಂದು ಬಹಳ ವರ್ಷವಾಯಿತು. ಒಂದು ಶನಿವಾರ ಪಕ್ಕದ ಬೀದಿಯಲ್ಲಿ ಯಾರೋ ಮನೆಯ ಹಳೆಯ ಸಾಮಾನು ಅಂಗಳದಲ್ಲಿಟ್ಟು ಮಾರುತ್ತಿದ್ದರು. ಹನ್ನೆರಡು ಡಾಲರಿಗೆ ಹಳದಿ ಹಿಡಿಯ, ಮೂರು ಅಲಗಿನ ಚಾಕುವೊಂದು ಸಿಕ್ಕಿತು. ಅಲಗಿನ ಬುಡದಲ್ಲಿ ಒಂದು ಕಡೆ ಕೇಸ್ ಅನ್ನುವ ಚಾಕು ಕಂಪನಿಯ ಮುದ್ರೆ, ಇನ್ನೊಂದು ಕಡೆ 3318 ಅಂತ ಅಂಕಿ. ಆ ಅಂಕಿಗೆ ಏನರ್ಥ ಅಂತ ಹುಡುಕಲು ಹೋಗಿ ಈ ಹವ್ಯಾಸಕ್ಕೆ ಬಿದ್ದೆ.

ಕೇಸ್‌ನವರ ಲೆಕ್ಕ ಸರಳ. ಮೊದಲ ಅಂಕಿ ಹಿಡಿಯದು, ಎರಡನೆಯದು ಎಷ್ಟು ಅಲಗು ಅನ್ನುವುದು, ಉಳಿದದ್ದು ಆಕಾರದ ಸಂಖ್ಯೆ. 3 ಅಂದರೆ ಹಳದಿ ಹಿಡಿ. 5 ಅಂದರೆ ಜಿಂಕೆ ಜಾತಿಯ ಕೊಂಬು, 6 ಅಂದರೆ ಮೂಳೆ, 8 ಅಂದರೆ ಮುತ್ತಿನ ಚಿಪ್ಪು. ಕಾಲ ತಿಳಿಯಲು ಮುದ್ರೆ ನೋಡಬೇಕು. 1940ರಿಂದ 1964ರವರೆಗೆ ಕೇಸ್ ಎಕ್ಸ್ ಎಕ್ಸ್ ಅಂತ ಇತ್ತು. 1965ರಿಂದ 1969ರವರೆಗೆ ಅದರ ಕೆಳಗೆ ಯು.ಎಸ್.ಎ. ಸೇರಿತು. 1970ರಲ್ಲಿ ಕೆಳಗೆ ಹತ್ತು ಚುಕ್ಕಿ ಹಾಕಿ, ವರ್ಷಕ್ಕೊಂದು ಚುಕ್ಕಿ ತೆಗೆಯುತ್ತಾ ಹೋದರು. ನನ್ನ ಹಳದಿ ಚಾಕುವಿಗೆ ಚುಕ್ಕಿ ಇಲ್ಲ, ಯು.ಎಸ್.ಎ. ಇದೆ. ಹಾಗಾಗಿ ಅದು 1960ರ ದಶಕದ ಎರಡನೇ ಅರ್ಧದ್ದು. ಕೇಸ್ ಕಾರ್ಖಾನೆ ಇರುವುದು ಇದೇ ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡಿನಲ್ಲಿ. ಅಲ್ಲಿ ಲೈಟರ್ ಮಾಡುವ ಜಿಪ್ಪೋ ಕಂಪನಿ ಜೊತೆಗೆ ಸೇರಿಸಿ ಒಂದು ಮ್ಯೂಸಿಯಂ ಮಾಡಿದ್ದಾರೆ. ಅಲ್ಲಿಗೆ ಮೂರು ಸಲ ಹೋಗಿದ್ದೇನೆ.

ರೆಮಿಂಗ್ಟನ್ ಚಾಕುಗಳದ್ದು ಬೇರೆ ಲೆಕ್ಕ. ಬಂದೂಕಿನ ಕಂಪನಿಯೇ ಅದು. ಮೊದಲ ಮಹಾಯುದ್ಧ ಮುಗಿದು ಬಂದೂಕಿಗೆ ಬೇಡಿಕೆ ಇಳಿದಾಗ ಕನೆಟಿಕಟ್‌ನ ಬ್ರಿಜ್‌ಪೋರ್ಟಿನಲ್ಲಿ ಚಾಕು ಮಾಡಲು ಶುರು ಮಾಡಿದರು, 1940ರ ಹೊತ್ತಿಗೆ ನಿಲ್ಲಿಸಿದರು. ಅವರಲ್ಲಿ ಹಿಡಿಯನ್ನು ಹೇಳುವುದು ಕೊನೆಯ ಅಂಕಿ. 3 ಇದ್ದರೆ ಮೂಳೆ, 4 ಇದ್ದರೆ ಮುತ್ತಿನ ಚಿಪ್ಪು, 5 ಇದ್ದರೆ ಸೆಲ್ಯುಲಾಯ್ಡ್, 6 ಇದ್ದರೆ ಕೊಂಬು. ಸೆಲ್ಯುಲಾಯ್ಡಿಗೆ ಅವರು ಇಟ್ಟ ಹೆಸರು ಪೈರಮೈಟ್. ಹಿಡಿಯ ಮೇಲೆ ಬಂದೂಕಿನ ಗುಂಡಿನ ಆಕಾರದ ಲೋಹದ ತುಣುಕು ಕೂರಿಸಿದ ಆರ್ 1123 ಸಂಗ್ರಹಕಾರರ ಕಣ್ಮಣಿ. ಅದನ್ನೇ 1982ರಲ್ಲಿ ಮತ್ತೆ ತಯಾರಿಸಿ ಮಾರಿದ್ದಾರೆ. ಅಂಕಿ ಒಂದೇ ಅಂತ ಹೊಸದಕ್ಕೆ ಹಳೆಯದರ ಬೆಲೆ ಕೊಡಬೇಡಿ.

ಇನ್ನು ಮೂಳೆಯ ಹಿಡಿ. ನನ್ನ ಬಳಿ ಜಾಸ್ತಿ ಇರುವುದು ಇದೇ. ದನದ ಕಾಲಿನ ಮೂಳೆಯನ್ನು ಶುಚಿ ಮಾಡಿ, ಪಟ್ಟಿ ಕತ್ತರಿಸಿ, ಯಂತ್ರದಿಂದ ಗೀರು ಕೊರೆದು, ಬಣ್ಣದಲ್ಲಿ ಅದ್ದುತ್ತಿದ್ದರು. ಗೀರು ಯಾಕೆ? ಕೊಂಬಿನ ಹಾಗೆ ಕಾಣಲಿ ಅಂತ. ಕೊಂಬು ದುಬಾರಿ, ಮೂಳೆ ಅಗ್ಗ. ಆಮೇಲೆ 1960ರ ದಶಕದಲ್ಲಿ ಮೂಳೆಯೂ ದುಬಾರಿ ಅನಿಸಿತು. ಹಲವು ಕಂಪನಿಗಳು ಡೆಲ್ರಿನ್ ಅನ್ನುವ ಪ್ಲಾಸ್ಟಿಕ್ಕಿಗೆ ಅದೇ ಗೀರು ಎರಕ ಹೊಯ್ದವು. ಅಂದರೆ ಪ್ಲಾಸ್ಟಿಕ್ಕು ಮೂಳೆಯ ನಕಲು, ಮೂಳೆ ಕೊಂಬಿನ ನಕಲು.

ಮೂಳೆಗೂ ಡೆಲ್ರಿನ್ನಿಗೂ ವ್ಯತ್ಯಾಸ ಕಂಡುಹಿಡಿಯಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಚಿಕ್ಕ ಭೂತಗನ್ನಡಿ ಸಾಕು. ಮೂಳೆಯಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕಿಗಳು, ಸಣ್ಣ ಗೆರೆಗಳು ಕಾಣುತ್ತವೆ. ಅವು ರಕ್ತನಾಳ ಹಾದುಹೋದ ರಂಧ್ರಗಳು. ಪ್ಲಾಸ್ಟಿಕ್ಕಿನಲ್ಲಿ ಅದು ಇರುವುದಿಲ್ಲ. ಕೈಯಾಡಿ ಸವೆದ ಮೂಳೆಯಲ್ಲಿ ಉಬ್ಬಿದ ಭಾಗದ ಬಣ್ಣ ತೆಳುವಾಗಿರುತ್ತದೆ, ಗೀರಿನೊಳಗೆ ಗಾಢವಾಗಿರುತ್ತದೆ. ಎಲ್ಲ ಕಡೆ ಒಂದೇ ಬಣ್ಣ ಇದ್ದು, ಅಲಗು ಮಾತ್ರ ಸವೆದಿದ್ದರೆ ಹಿಡಿ ಬದಲಾಯಿಸಿದ್ದಾರೆ ಅಂತ ಅನುಮಾನಪಡಿ. ಕೆಲವರು ಕಾದ ಸೂಜಿ ಚುಚ್ಚಿ ಪರೀಕ್ಷೆ ಮಾಡಿ ಅಂತಾರೆ. ದಯವಿಟ್ಟು ಬೇಡ. ಸೆಲ್ಯುಲಾಯ್ಡ್ ಆಗಿದ್ದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಕೊಂಬಿನ ವಿಷಯದಲ್ಲಿ ನಾನು ಒಮ್ಮೆ ಚೆನ್ನಾಗಿ ಮೋಸಹೋದೆ. ಒಂದು ಸಂತೆಯಲ್ಲಿ ಕೊಂಬಿನ ಹಿಡಿ ಅಂತ ನೂರಾ ನಲವತ್ತು ಡಾಲರ್ ಕೊಟ್ಟೆ. ಮನೆಗೆ ಬಂದು ದೀಪದ ಕೆಳಗಿಟ್ಟು ನೋಡಿದರೆ ಎರಡೂ ಬದಿಯ ಉಬ್ಬುತಗ್ಗು ಒಂದೇ ಅಚ್ಚಿನದು. ನಿಜವಾದ ಕೊಂಬಿನ ಎರಡು ತುಂಡು ಯಾವತ್ತೂ ಹಾಗೆ ಹೊಂದುವುದಿಲ್ಲ. ಅವತ್ತಿನಿಂದ ಚಾಕುವನ್ನು ತಿರುಗಿಸಿ ತಿರುಗಿಸಿ ಎರಡೂ ಬದಿ ನೋಡದೆ ಜೇಬಿಗೆ ಕೈ ಹಾಕುವುದಿಲ್ಲ.

ಆದರೆ ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಸೆಲ್ಯುಲಾಯ್ಡಿನಿಂದ. ತಪ್ಪು ಪೂರ್ತಿ ನನ್ನದೇ. ಹನ್ನೊಂದು ಚಾಕುಗಳನ್ನು ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು ಅಟ್ಟಕ್ಕೆ ಹಾಕಿದ್ದೆ. ಆ ವರ್ಷ ಬೇಸಿಗೆಯ ಸೆಕೆ ಜೋರಾಗಿತ್ತು. ಮೂರು ತಿಂಗಳಾದ ಮೇಲೆ ಮುಚ್ಚಳ ತೆಗೆದರೆ ಮೂಗಿಗೆ ಹುಳಿ ವಾಸನೆ ಹೊಡೆಯಿತು. ಆಮೆಚಿಪ್ಪಿನ ಬಣ್ಣದ ಸೆಲ್ಯುಲಾಯ್ಡ್ ಹಿಡಿಯೊಂದು ಬಿರುಕು ಬಿಟ್ಟು ಜಿಗುಟಾಗಿತ್ತು. ಅದರ ಒಳಗಿನ ಹಿತ್ತಾಳೆಗೆ ಹಸಿರು ಕಿಲುಬು, ಅಲಗಿಗೆ ತುಕ್ಕು. ಪಕ್ಕದಲ್ಲಿದ್ದ ಮೂರು ಒಳ್ಳೆಯ ಚಾಕುಗಳ ಅಲಗಿಗೂ ತುಕ್ಕು ಹತ್ತಿ ಗುಳಿ ಬಿದ್ದಿತ್ತು. ಅವುಗಳಲ್ಲೊಂದು ನಾನು ಎರಡು ವರ್ಷ ಹುಡುಕಿ ಕೊಂಡಿದ್ದ ಮೂಳೆ ಹಿಡಿಯದು. ಅವತ್ತು ಊಟ ಸೇರಲಿಲ್ಲ.

ಯಾಕೆ ಹೀಗಾಗುತ್ತದೆ ಅಂತ ಆಮೇಲೆ ಓದಿ ತಿಳಿದೆ. ಸೆಲ್ಯುಲಾಯ್ಡ್ ಅಂದರೆ ನೈಟ್ರೇಟ್ ಸೇರಿಸಿದ ಹತ್ತಿಯ ನಾರು ಮತ್ತು ಕರ್ಪೂರ. ಕಾಲ ಕಳೆದಂತೆ ಕರ್ಪೂರ ಹಾರಿಹೋಗುತ್ತದೆ, ಹಿಡಿ ಕುಗ್ಗಿ ಬಿರಿಯುತ್ತದೆ. ಜೊತೆಗೆ ಆಮ್ಲದ ಹಬೆ ಬಿಡುತ್ತದೆ. ಡಬ್ಬ ಮುಚ್ಚಿದ್ದರೆ ಆ ಹಬೆ ಹೊರಗೆ ಹೋಗದೆ ಅಲ್ಲೇ ಸುತ್ತಿ ಎಲ್ಲವನ್ನೂ ತಿನ್ನುತ್ತದೆ. ಬೆಳಕು ಹಾಯುವಂಥ ಬಣ್ಣದವು ಮೊದಲು ಹಾಳಾಗುತ್ತವೆ. ದಂತದ ಹಾಗೆ ಬಿಳಿಯಾಗಿರುವವು ಹೆಚ್ಚು ಕಾಲ ತಡೆಯುತ್ತವೆ, ಯಾಕೆಂದರೆ ಬಿಳಿ ಬಣ್ಣಕ್ಕೆ ಹಾಕಿದ ಜಿಂಕ್ ಆಕ್ಸೈಡ್ ಆ ಆಮ್ಲವನ್ನು ಹೀರಿಕೊಳ್ಳುತ್ತದೆ.

ಈಗ ನನ್ನ ಸೆಲ್ಯುಲಾಯ್ಡ್ ಚಾಕುಗಳು ಬೇರೆ ಕೋಣೆಯಲ್ಲಿ, ತೆರೆದ ಮರದ ತಟ್ಟೆಯಲ್ಲಿ, ಒಂದಕ್ಕೊಂದು ತಾಗದ ಹಾಗೆ ಇವೆ. ಬಿಸಿಲು ಬೀಳದ, ತಂಪಾದ ಜಾಗ. ತಿಂಗಳಿಗೊಮ್ಮೆ ಒಂದೊಂದನ್ನೂ ಎತ್ತಿ ಮೂಸಿ ನೋಡುತ್ತೇನೆ. ಕರ್ಪೂರದ ವಾಸನೆ ಇದ್ದರೆ ಸಮಾಧಾನ. ಹುಳಿ ವಾಸನೆ ಬಂದರೆ ಅವತ್ತೇ ಅದನ್ನು ಬೇರೆ ಮಾಡುತ್ತೇನೆ. ಯಾವ ಚಾಕುವನ್ನೂ ಚರ್ಮದ ಚೀಲದಲ್ಲಿ ಇಟ್ಟು ಮರೆಯುವುದಿಲ್ಲ. ಚರ್ಮ ಹದ ಮಾಡಿದ ದ್ರವ್ಯಕ್ಕೆ ಹಿತ್ತಾಳೆ ಹಸಿರಾಗುತ್ತದೆ.

ಇನ್ನೊಂದು ಮಾತು. ಹಳೆಯ ಉಕ್ಕಿನ ಅಲಗು ಬೂದು, ನೀಲಿ ಬಣ್ಣಕ್ಕೆ ತಿರುಗಿರುತ್ತದೆ. ಅದು ಕೊಳೆಯಲ್ಲ, ತಿಕ್ಕಬೇಡಿ. ಹಿಡಿಯ ಎರಡು ತುದಿಯ ಲೋಹ, ನಾವು ಜರ್ಮನ್ ಸಿಲ್ವರ್ ಅನ್ನುತ್ತೇವಲ್ಲ, ಅದನ್ನೂ ಫಳಫಳ ಮಾಡಬೇಡಿ. ಪಾಲಿಶ್ ಮಾಡಿದ ಹಳೆಯ ಚಾಕು ಸಂಗ್ರಹಕಾರರಿಗೆ ಬೇಡ. ಕೆಂಪು ತುಕ್ಕಿದ್ದರೆ ಮಾತ್ರ ಎಣ್ಣೆ ಹಚ್ಚಿ ಮೆತ್ತಗೆ ತೆಗೆಯಿರಿ.

ಹೋದ ವರ್ಷ ಅಪ್ಪ ಬಂದಿದ್ದರು. ಕೊಂಬಿನ ಹಿಡಿಯ ಚಾಕುವೊಂದನ್ನು ಅವರ ಕೈಗೆ ಕೊಟ್ಟೆ. ಏನೂ ಹೇಳಿರಲಿಲ್ಲ. ಬೆರಳಾಡಿಸಿ, "ಇದು ಕಡವೆ ಕೊಂಬಲ್ವೇನೋ?" ಅಂದರು. ಹೌದು. ಅಮೆರಿಕದ ಚಾಕುಗಳಿಗೆ ಹೋಗುತ್ತಿದ್ದ ಒಳ್ಳೆಯ ಕೊಂಬು ಭಾರತದ ಕಾಡುಗಳ ಕಡವೆಯದು. ಅದರೊಳಗೆ ಟೊಳ್ಳು ಕಡಿಮೆ, ಹೊರಗಿನ ಗಟ್ಟಿ ಪದರ ದಪ್ಪ, ಅದಕ್ಕೇ ಬೇಡಿಕೆ. 1990ರ ದಶಕದ ಕೊನೆಗೆ ನಮ್ಮ ಸರ್ಕಾರ ಅದರ ರಫ್ತು ನಿಲ್ಲಿಸಿತು. ಅಲ್ಲಿಂದ ಹಳೆಯ ದಾಸ್ತಾನಿಗೆ ಬೆಲೆ ಏರಿತು. ರಫ್ತು ನಿಂತದ್ದು ಒಳ್ಳೆಯದೇ ಆಯಿತು ಅಂತ ನನಗನಿಸುತ್ತದೆ. ಊರಿಗೆ ಹೋಗುವಾಗ ಆ ಚಾಕುಗಳನ್ನು ನಾನು ಒಯ್ಯುವುದಿಲ್ಲ. ವನ್ಯಜೀವಿ ಕಾಯ್ದೆ ಇರುವಾಗ ಸುಮ್ನೆ ತೊಂದರೆ ಯಾಕೆ?

ಅಪ್ಪ ಅದಕ್ಕೆ ಹಚ್ಚಲು ಕೊಬ್ಬರಿ ಎಣ್ಣೆ ಕೇಳಿದರು. ಅಡುಗೆ ಎಣ್ಣೆಗಳು ದಿನ ಕಳೆದರೆ ಅಂಟಾಗಿ ಸ್ಪ್ರಿಂಗ್ ಹಿಡಿದುಕೊಳ್ಳುತ್ತವೆ ಅಂತ ಹೇಳಿ ಮಿನರಲ್ ಆಯಿಲ್ ಕೊಟ್ಟೆ. ಒಂದು ತೊಟ್ಟು ಬಿಟ್ಟು, ಬಿಚ್ಚಿ ಮಡಚಿ, ಆ ಟಕ್ ಸದ್ದನ್ನು ಎರಡು ಮೂರು ಸಲ ಕೇಳಿದರು. ಮಾರನೆಯ ದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ನನ್ನ ಮೊದಲ ಚಾಕು, ಆ ಹಳದಿ ಹಿಡಿಯದು, ತಗೊಂಡು ಸೇಬು ಹೆಚ್ಚುತ್ತಾ ಕೂತಿದ್ದರು. ದೊಡ್ಡ ಅಲಗಿನ ಮೇಲೆ ಸೇಬಿನ ರಸದ ನೀಲಿ ಕಲೆ ಬಿತ್ತು. ಅದು ಈಗಲೂ ಹಾಗೇ ಇದೆ.