ಅನ್ನದ ಬಟ್ಟಲು ಮತ್ತು ಹ್ಮಾಂಗ್ ಹಿರಿಯರ ಸಕ್ಕರೆ ಕಾಯಿಲೆ: ನನ್ನ ಅನುಭವ

ಅಮೆರಿಕದ ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್ ನಗರದಲ್ಲಿ ಆಹಾರತಜ್ಞೆಯಾಗಿರುವ ನನ್ನ ಬಳಿಗೆ ಬರುವ ಮಧುಮೇಹಿಗಳಲ್ಲಿ ಹ್ಮಾಂಗ್ ಸಮುದಾಯದವರೇ ಹೆಚ್ಚು. ಲಾವೋಸ್‌ನ ಬೆಟ್ಟಗಳಲ್ಲಿ ಕುಮರಿ ಬೇಸಾಯ ಮಾಡಿಕೊಂಡಿದ್ದ ಇವರು, 1975ರಲ್ಲಿ ಅಲ್ಲಿ ಕಮ್ಯುನಿಸ್ಟ್ ಆಡಳಿತ ಬಂದ ಮೇಲೆ ಮೆಕಾಂಗ್ ನದಿ ದಾಟಿ, ಥಾಯ್ಲೆಂಡಿನ ನಿರಾಶ್ರಿತರ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದು ಇಲ್ಲಿಗೆ ಬಂದವರು. ಥಾಯ್ಲೆಂಡಿನ ವಾಟ್ ಥಾಮ್ ಕ್ರಾಬೊಕ್ ಎಂಬ ಬೌದ್ಧ ದೇಗುಲದಲ್ಲಿ ಆಶ್ರಯ ಪಡೆದಿದ್ದ ದೊಡ್ಡ ಗುಂಪು ಬರತೊಡಗಿದ್ದು 2004ರಲ್ಲಿ.

ಅನ್ನವೇ ಅಪರಾಧಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಬೆಟ್ಟದಲ್ಲಿಯೂ ಅವರು ಅನ್ನವನ್ನೇ ಉಂಡವರು. ಅದನ್ನು ಕರಗಿಸುತ್ತಿದ್ದ ಮೈಮುರಿಯುವ ದುಡಿಮೆ ಈಗ ಇಲ್ಲ. ಹಬ್ಬಕ್ಕಷ್ಟೇ ಕಾಣುತ್ತಿದ್ದ ಹಂದಿ ಮಾಂಸ ವಾರವಾರವೂ ಬೇಯುತ್ತದೆ. ಬರಿದೇ ಬೇಯಿಸಿದ ಸೊಪ್ಪಿನ ಕಟ್ಟನ್ನು ಕುಡಿಯುತ್ತಿದ್ದಲ್ಲಿ ಸೋಡಾ ಬಂದಿದೆ.

ಆದ್ದರಿಂದ ಮೊದಲ ಭೇಟಿಯಲ್ಲಿ ಅಡುಗೆ ಯಾರದು ಎಂದು ಕೇಳಿ, ದಿನವೂ ಉಣ್ಣುವ ಬಟ್ಟಲನ್ನೇ ತರಲು ಹೇಳುತ್ತೇನೆ. ಒಬ್ಬ ಅಜ್ಜಿಯ ಬಟ್ಟಲಿಗೆ ಸುಮಾರು ಮೂರು ಕಪ್ ಅನ್ನ ಹಿಡಿಯಿತು. ಒಂದು ಕಪ್ಪಿನಲ್ಲಿಯೇ ಸುಮಾರು 45 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಅಳತೆಯ ಕಪ್ಪನ್ನು ನೋಡಿದ ಅಜ್ಜಿ, “ಶಿಬಿರದಲ್ಲಿ ಅಳೆದು ಕೊಡುತ್ತಿದ್ದರು ಮಗಳೇ, ಇಲ್ಲಿಯೂ ಅಳೆಯಬೇಕೇ?” ಎಂದು ದುಭಾಷಿಯ ಮೂಲಕ ಕೇಳಿದರು. ಅಳತೆಯನ್ನು ಸೊಸೆಗೆ ಒಪ್ಪಿಸಿದೆವು: ಕುಕ್ಕರಿಗೆ ಹಾಕುವ ಅಕ್ಕಿಯೇ ಕಡಿಮೆಯಾಯಿತು, ಆ ದೊಡ್ಡ ಬಟ್ಟಲಿಗೆ ಸಾಸಿವೆ ಸೊಪ್ಪು, ಚಿಕ್ಕದಕ್ಕೆ ಅನ್ನ. ಊಟವಾದ ಎರಡು ಗಂಟೆಗೆ ಗ್ಲೂಕೋಮೀಟರ್ ತೋರಿಸುವ ಅಂಕಿಯನ್ನು ಅಜ್ಜಿಯೇ ಓದುತ್ತಾರೆ. ನನ್ನ ಉಪದೇಶಕ್ಕಿಂತ ಅವರಿಗೆ ಅದರ ಮೇಲೆಯೇ ಹೆಚ್ಚು ನಂಬಿಕೆ.

ನೋಡಲು ದಪ್ಪವಿಲ್ಲದವರನ್ನೂ ನಾನು ಪರೀಕ್ಷೆಗೆ ಕಳುಹಿಸುತ್ತೇನೆ. ಏಷ್ಯಾ ಮೂಲದವರಿಗೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 25ರ ಬದಲು 23ಕ್ಕೇ ತಪಾಸಣೆಯನ್ನು ಯೋಚಿಸಬೇಕೆಂದು ಅಮೆರಿಕನ್ ಡಯಾಬಿಟೀಸ್ ಅಸೋಸಿಯೇಷನ್ 2015ರಿಂದ ಹೇಳುತ್ತಿದೆ. ಈ ಮಾತು ನಮ್ಮ ಕನ್ನಡಿಗರಿಗೂ ಅನ್ವಯಿಸುತ್ತದೆ.

ಬೇಸಿಗೆಯಲ್ಲಿ ತರಕಾರಿ ಬೆಳೆದು ರೈತರ ಸಂತೆಗೆ ಒಯ್ಯುವ ಹಿರಿಯರ ಸಕ್ಕರೆ ತಾನಾಗಿಯೇ ಇಳಿಯುವುದನ್ನು ಕಂಡಿದ್ದೇನೆ. ಹಿಮ ಬಿದ್ದ ಮೇಲೆ ಊಟದ ನಂತರ ಮಾಲ್‌ನೊಳಗೆ ನಡೆಯಲು ಒಪ್ಪಿಸುವುದೇ ಕಷ್ಟ. ಹಾಗಲಕಾಯಿಗೂ ಗಿಡಮೂಲಿಕೆಗಳಿಗೂ ನಾನು ಅಡ್ಡಿಪಡಿಸುವುದಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಯಾದ ಮೆಟ್‌ಫಾರ್ಮಿನ್ ನಿಲ್ಲಿಸಬೇಡಿ, ಇನ್ಸುಲಿನ್ ತೆಗೆದುಕೊಳ್ಳುವವರು ಮೂಲಿಕೆಯ ವಿಷಯವನ್ನು ಮುಚ್ಚಿಡಬೇಡಿ, ಎರಡೂ ಸೇರಿದರೆ ಸಕ್ಕರೆ ಅತಿಯಾಗಿ ಇಳಿಯಬಹುದು ಎಂದು ಮನೆಯವರೆಲ್ಲ ಕುಳಿತಿರುವಾಗಲೇ ಹೇಳುತ್ತೇನೆ.