ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ವಿಗ್ರಹ ಹುಡುಕಿದ ನನ್ನ ಅನುಭವ

ಲೋಭ ವಿಗ್ರಹಾರಾಧನೆಗೆ ಸಮ ಎಂಬ ಬೈಬಲ್ ವಚನ, ಕೊಲೊಸ್ಸೆ 3:5, ನಮಗೆಲ್ಲ ಬಾಯಿಪಾಠ. ಅದನ್ನು ಸಭೆಯ ಗಂಡಸರ ಕೂಟದಲ್ಲಿ ಬೊಟ್ಟು ಮಾಡಿ ತೋರಿಸುವುದೇ ಕಷ್ಟ. ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ಹಾಕಿಸಿ ತರೋಣ ಎಂದಾಗ ಹಿರಿಯರೊಬ್ಬರು, "ಪಾಸ್‌ಬುಕ್ ನೋಡಿ ಆತ್ಮಪರೀಕ್ಷೆ ಮಾಡುವುದುಂಟಾ ಮಾರಾಯ್ರೆ?" ಎಂದು ಅಲ್ಲಿಗೇ ಮುಗಿಸಿಬಿಟ್ಟಿದ್ದರು. ಈಗ ಕೂಟಕ್ಕೆ ಕೆಂಪು ಪೆನ್ನು ತರುವವರು ಅವರೇ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದೆಲ್ಲ ಕೈಕೊಟ್ಟಿತು. ದೇವಾಲಯದ ಬಾಗಿಲಲ್ಲಿ ಮೊಬೈಲ್ ಇಡಲು ಮರದ ಸ್ಟ್ಯಾಂಡ್ ಮಾಡಿಸಿದೆವು, ಮೂರು-ನಾಲ್ಕು ಸಾವಿರ ಹೋಯಿತು. ಆಶೀರ್ವಾದ ಮುಗಿಯುವ ಮೊದಲೇ ಅದರ ಮುಂದೆ ನೂಕುನುಗ್ಗಲು. ಈಸ್ಟರ್‌ಗೆ ಮೊದಲಿನ ಉಪವಾಸದ ಲೆಂಟ್ ಕಾಲದಲ್ಲಿ ಟ್ರೇಡಿಂಗ್ ಆ್ಯಪ್ ಅಳಿಸುವ ಪ್ರತಿಜ್ಞೆ ಮಾಡಿಸಿದೆವು; ಈಸ್ಟರ್ ಮರುದಿನ 9:15ಕ್ಕೆ ಷೇರುಪೇಟೆ ತೆರೆಯುವಷ್ಟರಲ್ಲಿ ಎಲ್ಲ ವಾಪಸ್. ಮಾತಿಗೆ ತಪ್ಪಿದವರಿಗೆ ನೂರು ರೂಪಾಯಿ ದಂಡ ಹಾಕಿದ್ದಂತೂ ಇನ್ನೂ ಕೆಟ್ಟದಾಯಿತು. ದಂಡ ಕಟ್ಟಿ ನಿರಾಳವಾಗಿ ಮುಂದುವರಿದರು. ವಿಗ್ರಹಕ್ಕೆ ನಾವೇ ಲೈಸೆನ್ಸ್ ಕೊಟ್ಟ ಹಾಗಾಯಿತು.

ಫಲ ಕೊಟ್ಟದ್ದು ಸ್ಟೇಟ್‌ಮೆಂಟ್. ಎರಡು-ಮೂರು ತಿಂಗಳಿನದು, ಯುಪಿಐ ಸಾಲುಗಳೆಲ್ಲ ಸೇರಿ. ನಿಮ್ಮದನ್ನು ನೀವು ನೋಡುವ ಹಾಗಿಲ್ಲ, ಕೂಟದಲ್ಲಿ ನಿಮಗೆ ಜೋಡಿ ಮಾಡಿದ ಜೊತೆಗಾರ ನೋಡುತ್ತಾನೆ. ಮೊತ್ತ ಎಷ್ಟಾದರೂ ಇರಲಿ, ಮತ್ತೆ ಮತ್ತೆ ಬರುವ ಸಾಲಿಗೆ ಕೆಂಪು ಗೆರೆ. ಆಮೇಲೆ ಒಂದೇ ಪ್ರಶ್ನೆ: "ಇದು ಮನೆಯವರಿಗೆ ಗೊತ್ತುಂಟಾ?" ಉತ್ತರಕ್ಕಿಂತ ಮೊದಲು ಸಿಟ್ಟು ಬಂದರೆ ಅಲ್ಲೇ ಇದೆ ವಿಗ್ರಹ.

ಅಂಗಡಿ ಇಟ್ಟಿರುವ ಒಬ್ಬರ ಹಾಳೆಯಲ್ಲಿ ವಾರದ ಐದೂ ದಿನ ಟ್ರೇಡಿಂಗ್ ಖಾತೆಗೆ ಎರಡು ಸಾವಿರ, ಐದು ಸಾವಿರ. ಯುಪಿಐ ಹಿಸ್ಟರಿ ತೆರೆದರೆ ಸಮಯ ಬೆಳಿಗ್ಗೆ ಒಂಬತ್ತರ ಆಚೀಚೆ, ಅವರು ಬಾಗಿಲು ತೆರೆದು ಪ್ರಾರ್ಥನೆ ಮಾಡುವ ಹೊತ್ತು. ವರ್ಷದಲ್ಲಿ ಕಳೆದದ್ದು ಒಂದೂವರೆ ಲಕ್ಷದ ಹತ್ತಿರ. 2021-22ರಿಂದ ಮೂರು ವರ್ಷಗಳಲ್ಲಿ ಎಫ್ ಆ್ಯಂಡ್ ಒ (ಷೇರಿನ ಮುಂದಿನ ಬೆಲೆಯ ಮೇಲೆ ಪಣ ಕಟ್ಟುವ ಫ್ಯೂಚರ್ಸ್, ಆಪ್ಷನ್ಸ್) ಆಡಿದ ಬಿಡಿ ಹೂಡಿಕೆದಾರರಲ್ಲಿ ನೂರಕ್ಕೆ 93 ಮಂದಿ ನಷ್ಟ ಮಾಡಿಕೊಂಡರೆಂಬ ಷೇರುಪೇಟೆ ನಿಯಂತ್ರಕ ಸೆಬಿಯ ಲೆಕ್ಕವನ್ನು ಕೂಟದಲ್ಲಿ ಓದಿ ಹೇಳಿದ್ದೆ, ತಾಗಿರಲಿಲ್ಲ. ಕೆಂಪು ಗೆರೆ ತಾಗಿತು.

ಬಿಡಿ ಎಂದರೆ ಯಾರೂ ಬಿಡುವುದಿಲ್ಲ. ಆ ಸಾಲಿಗೆ ಹೋಗುವಷ್ಟೇ ಹಣ ಅದಕ್ಕಿಂತ ಮೊದಲು, ತಿಂಗಳ ಆರಂಭದಲ್ಲೇ, ಕೊಟ್ಟವರ ಹೆಸರು ಹೊರಬೀಳದ ಕಡೆ ಹೋಗಬೇಕು. ಸಭೆಗೆ ಕೊಡುವ ಆದಾಯದ ಹತ್ತನೇ ಒಂದು ಪಾಲು, ದಶಾಂಶ ಬೇರೆ, ಇದು ಬೇರೆ. ಎರಡನೇ ತಿಂಗಳಿಗೆ ಕೈ ಬಿಗಿಯಾಗುತ್ತದೆ. ನಾಲ್ಕನೆಯದೋ ಐದನೆಯದೋ ತಿಂಗಳಿಗೆ ಆ ಅಂಗಡಿಯವರು ಟ್ರೇಡಿಂಗ್ ಖಾತೆಯನ್ನೇ ಮುಚ್ಚಿಸಿದರು. ಹನ್ನೆರಡು ಜನರ ಕೂಟದಲ್ಲಿ ಏಳೆಂಟು ಜನರಿಗೆ ಇದು ಹಿಡಿಯಿತು. ಯಾವ ಉಪದೇಶದಿಂದಲೂ ಇಷ್ಟು ಫಲ ನಾನು ಕಂಡಿಲ್ಲ. ಯಾರಿಗೆ ಯಾರನ್ನು ಜೊತೆ ಹಾಕಬೇಕು ಎಂಬುದರಲ್ಲೇ ಅರ್ಧ ಕೆಲಸವಿದೆ. ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ನಡುವೆ ಕಾಣಿಕೆಯಾಗಿ ಬಂದ ಬೆಳೆಯನ್ನು ಹರಾಜು ಹಾಕುವ ಬೆಳೆಹಬ್ಬದ ಏಲಂನಲ್ಲೂ ಒಂದು ಪ್ರಯೋಗ ಆಯಿತು. ಒಂದು ಕುಂಬಳಕಾಯಿ ಐದಾರು ಸಾವಿರಕ್ಕೆ ಹೋಗುವುದು ದೇವರ ಮೇಲಿನ ಪ್ರೀತಿಗೋ, ಮೈಕಿನಲ್ಲಿ ಹೆಸರು ಕೇಳುವ ಆಸೆಗೋ? ಕೂಗುವುದನ್ನು ನಿಲ್ಲಿಸಿ ಚೀಟಿಯಲ್ಲಿ ಬೆಲೆ ಬರೆಸಿದೆವು. ಆ ವರ್ಷ ಮೂರರಲ್ಲೊಂದು ಪಾಲು ಕಡಿಮೆ ಬಂತು, ಖಜಾಂಚಿ ನನಗೆ ಮುಖ ಕೊಟ್ಟು ಮಾತಾಡಲಿಲ್ಲ. ಮರುವರ್ಷ ಹೆಚ್ಚುಕಮ್ಮಿ ಸರಿಹೋಯಿತು. ಒಳ್ಳೆಯದಕ್ಕೆ ಶುರುವಾದದ್ದೂ ಹಾದಿ ತಪ್ಪುತ್ತದೆ. ಮೋಶೆ ಜನರ ಪ್ರಾಣ ಉಳಿಸಲು ಮಾಡಿದ ತಾಮ್ರದ ಸರ್ಪಕ್ಕೇ ಧೂಪ ಹಾಕತೊಡಗಿದ್ದರಿಂದ ಯೆಹೂದದ ರಾಜ ಹಿಜ್ಕೀಯ ಅದನ್ನು ಚೂರುಚೂರು ಮಾಡಬೇಕಾಯಿತು.

ಇನ್ನೂ ಬಗ್ಗದಿರುವುದು ಮಕ್ಕಳ ಸೀಟು. ನೀಟ್ ಕೋಚಿಂಗಿಗೆ ಕಟ್ಟಿದ ಲಕ್ಷಕ್ಕೆ ಗೆರೆ ಎಳೆಯಲು ಯಾರ ಕೈಯೂ ಏಳುವುದಿಲ್ಲ, ಅದು ಹೆತ್ತವರ ಕರ್ತವ್ಯ. ಆದರೆ ಭಾನುವಾರದ ಟೆಸ್ಟ್ ಅಂತ ಎರಡು ವರ್ಷ ಮಗುವಿಗೆ ಆರಾಧನೆಯನ್ನೇ ತಪ್ಪಿಸುವ ಮನೆಗಳು ನಮ್ಮ ಸಭೆಯಲ್ಲೇ ನಾಲ್ಕೈದಿವೆ. ಅಲ್ಲಿಗೆ ಸ್ಟೇಟ್‌ಮೆಂಟ್ ಸಾಲದು. ಈ ಸಲ ಮಗುವಿನ ವಾರದ ಟೈಮ್‌ಟೇಬಲ್ ತರಿಸುತ್ತಿದ್ದೇವೆ, ಗೆರೆ ಎಳೆಯುವುದು ಮಗುವೇ. ಎರಡು ಮನೆಯವರು ಒಪ್ಪಿದ್ದಾರೆ.